ಅಡುಗೆಮನೆ ಪಕ್ಕದ ಕೋಣೆಯಿಂದ

ಅವರ ಹೆಸರು ಬರೆಯಬಾರದೆಂದು ಅವರ ಹೆಂಡತಿ ಕಟ್ಟಪ್ಪಣೆ ಮಾಡಿದ್ದಾರೆ. ವೈಕುಂಠ ಸಮಾರಾಧನೆಯ ಊಟ ಮುಗಿದು ಬಂದವರೆಲ್ಲ ಹೊರಟ ಮೇಲೆ, ಚಾಮರಾಜಪೇಟೆಯ ಆ ಮನೆಯ ಮೆಟ್ಟಿಲ ಮೇಲೆ ಕೂತು ನಾನು ಮೆಲ್ಲಗೆ ವಿಷಯ ತೆಗೆದೆ. "ಬರಿ, ಬೇಡ ಅನ್ನಲ್ಲ. ಹೆಸರು ಮಾತ್ರ ಹಾಕ್ಬೇಡ ಕಣೇ. ಬದುಕಿದ್ದಷ್ಟು ದಿನ ಮೈಕ್ ಮುಂದೆ ತಮ್ಮ ಹೆಸರು ತಾವೇ ಹೇಳ್ಕೊಂಡು ತಿರುಗಿದ್ದು ಸಾಕು," ಎಂದರು ಅಮ್ಮ. ನಾನು ಅವರನ್ನು ಕರೆಯುವುದು ಹಾಗೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಜೊತೆಗೆ ನಗುತ್ತಲೂ ಇದ್ದರು. ಆ ಮನೆಯಲ್ಲಿ ಎರಡೂ ಒಟ್ಟೊಟ್ಟಿಗೇ ನಡೆಯುತ್ತವೆ. ಹಾಗಾಗಿ ಇಲ್ಲಿ ಅವರು ಬರೀ ಅವರು. ಆಸ್ಪತ್ರೆಯಲ್ಲಿ ನಾವು ಕರೆಯುತ್ತಿದ್ದದ್ದು ರೇಡಿಯೋ ಸಾರ್ ಅಂತ.

ಆಸ್ಪತ್ರೆ ಎಂದರೆ ಮಾನಸಿಕ ರೋಗಿಗಳ ಆಸ್ಪತ್ರೆ. ನಾವು ಎಂದರೆ ಅಲ್ಲಿ ದಾಖಲಾಗಿದ್ದವರು. ಈಗ ಇದನ್ನು ಇಷ್ಟು ಸಲೀಸಾಗಿ ಬರೆಯುತ್ತಿದ್ದೇನಲ್ಲ, ಕಳೆದ ವರ್ಷ ಯಾರಾದರೂ ಕೇಳಿದ್ದರೆ ನಾಲಿಗೆ ಸೀಳಿದರೂ ಹೇಳುತ್ತಿರಲಿಲ್ಲ. ನಾನು ಟಿವಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವವಳು. ಅತ್ತೆ ಸೊಸೆಗೆ ಬೈಯುವುದು, ಸೊಸೆ ದೇವರ ಮುಂದೆ ಅಳುವುದು, ಇವೆಲ್ಲ ನನ್ನ ಕೈಯಿಂದ ಬಂದ ಮಾತುಗಳೇ. ಈ ಕಸುಬು ನನಗೆ ಸಿಕ್ಕಿದ್ದು ಆ ಆಸ್ಪತ್ರೆಯ ಅಡುಗೆಮನೆ ಪಕ್ಕದ ಕೋಣೆಯಲ್ಲಿ, ಅವರ ಕೈಯಿಂದ.

ಸರ್ಕಾರಿ ರೇಡಿಯೋದಲ್ಲಿ ನಿರೂಪಕರಾಗಿ ನಿವೃತ್ತರಾದವರು ಅವರು. ಪೆನ್ಷನ್ ತೆಗೆದುಕೊಂಡು, ಗಾಂಧಿ ಬಜಾರಿನಲ್ಲಿ ಸೊಗಡಿನ ಅವರೆ ಆರಿಸಿಕೊಂಡು, ಸಂಜೆ ಪಾರ್ಕಿನ ಬೆಂಚಿನ ಮೇಲೆ ಸರ್ಕಾರವನ್ನು ಬೈದುಕೊಂಡು ಇರಬಹುದಿತ್ತು. ಅದನ್ನೂ ಮಾಡುತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಬೆಳಗಾದರೆ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟು, ಫ್ಲಾಸ್ಕಿನಲ್ಲಿ ಜೀರಿಗೆ ನೀರು ಹಿಡಿದು, ಬಸ್ಸಿನಲ್ಲಿ ಆಸ್ಪತ್ರೆಗೆ ಬಂದುಬಿಡುತ್ತಿದ್ದರು. ಅಲ್ಲಿ ವಾರ್ಡ್ ವಾರ್ಡಿಗೂ ಒಂದೊಂದು ಸ್ಪೀಕರ್ ಡಬ್ಬ ಇತ್ತು. ಸಿಬ್ಬಂದಿಯನ್ನು ಕೂಗಿ ಕರೆಯುವುದಕ್ಕೆ ಬಿಟ್ಟರೆ ಅದು ಬೇರೆ ಯಾವುದಕ್ಕೂ ಆಗುತ್ತಿರಲಿಲ್ಲ. ಇವರು ಹೋಗಿ, ದಿನಕ್ಕೆ ಸ್ವಲ್ಪ ಹೊತ್ತು ಅದನ್ನು ನನಗೆ ಕೊಡಿ, ರೇಡಿಯೋ ಮಾಡ್ತೀನಿ ಎಂದು ದುಂಬಾಲು ಬಿದ್ದರಂತೆ.

ಡಾಕ್ಟರುಗಳು ಹೆದರಿದರು. ಹೆದರಿದ್ದರಲ್ಲಿ ತಪ್ಪೂ ಇರಲಿಲ್ಲ. ನಮ್ಮಲ್ಲಿ ಅರ್ಧ ಜನಕ್ಕೆ ಇಲ್ಲದ ದನಿಗಳು ಕೇಳುತ್ತಿದ್ದವು. ರೇಡಿಯೋ ನನ್ನ ಬಗ್ಗೆಯೇ ಮಾತಾಡುತ್ತೆ, ಟಿವಿ ನನಗೇ ಸನ್ನೆ ಮಾಡುತ್ತೆ ಎನ್ನುವವರಿದ್ದರು. ಅಂಥವರ ತಲೆಯ ಮೇಲೆ ಗೋಡೆಯಿಂದ ಇನ್ನೊಂದು ದನಿ ಬಿಟ್ಟರೆ ಗತಿಯೇನು? ಅದಕ್ಕೆ ಅವರೊಂದು ನಿಯಮ ಮಾಡಿಕೊಂಡರು. ಪ್ರತಿದಿನ ಶುರುವಿಗೆ ತಮ್ಮ ಹೆಸರು ಹೇಳಿ, "ಕೇಳುಗರೇ, ನಾನು ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕುಳಿತು ಮಾತನಾಡುತ್ತಿದ್ದೇನೆ. ಇದು ನಿಜವಾದ ಧ್ವನಿ. ಅನುಮಾನ ಇದ್ದವರು ಬಂದು ನೋಡಬಹುದು," ಎನ್ನುತ್ತಿದ್ದರು. ಮೈಕಿನ ಮುಂದೆ ಯಾರೇ ಬಂದು ಕೂತರೂ, ಅವರು ಎದ್ದು ಹೋಗುವ ಮೊದಲು, ಈಗ ಮಾತಾಡಿದವರು ಇಂಥ ಊರಿನ ಇಂಥವರು ಎಂದು ಅವರ ನಿಜವಾದ ಹೆಸರನ್ನು ಹೇಳಲೇಬೇಕು. ದನಿ ಎಂದ ಮೇಲೆ ಅದಕ್ಕೊಬ್ಬ ಮನುಷ್ಯ ಇರಬೇಕು, ಮನುಷ್ಯ ಎಂದ ಮೇಲೆ ಅವನಿಗೊಂದು ಹೆಸರಿರಬೇಕು. ಈ ಒಂದು ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಬಂದು ನೋಡುವವರೂ ಇದ್ದರು. ನಮ್ಮ ಜೊತೆ ದಾಖಲಾಗಿದ್ದ ಮತ್ತಿಕೆರೆಯ ಒಬ್ಬ ಗಣಿತದ ಲೆಕ್ಚರರ್ ದಿನಾ ಬರುತ್ತಿದ್ದರು. ಕೋಣೆಯ ಒಳಗೆಲ್ಲ ಒಮ್ಮೆ ಸುತ್ತಿ, ಮೇಜಿನ ಕೆಳಗೆ ಬಗ್ಗಿ ನೋಡಿ, ಆಂಪ್ಲಿಫೈಯರಿನ ಹಿಂದೆ ಇಣುಕಿ, ಆಮೇಲೆ "ಸರಿ, ಮುಂದುವರಿಸಿ" ಎಂದು ಅಪ್ಪಣೆ ಕೊಡುತ್ತಿದ್ದರು. ಸಾರ್ ಅಲ್ಲಿಯವರೆಗೂ ಬೇರೆ ಯಾವುದನ್ನೂ ಶುರುಮಾಡುತ್ತಿರಲಿಲ್ಲ. ಒಂದು ದಿನ ಲೆಕ್ಚರರಿಗೆ ಜ್ವರ ಬಂದು ಮಲಗಿದಾಗ, ಸಾರ್ ತಾವೇ ಮೇಜಿನ ಕೆಳಗೆ ಬಗ್ಗಿ ನೋಡಿ, "ಲೆಕ್ಚರರ್ ಸಾಹೇಬರ ಪರವಾಗಿ ನಾನೇ ಪರೀಕ್ಷಿಸಿದ್ದೇನೆ, ಎಲ್ಲ ಸರಿಯಾಗಿದೆ" ಎಂದು ಘೋಷಿಸಿದರು. ಅದು ತಮಾಷೆಯಲ್ಲ. ಅವರ ಮುಖ ನೋಡಿದ್ದೇನೆ, ಒಂದು ಚೂರೂ ನಗುತ್ತಿರಲಿಲ್ಲ.

ನನ್ನ ಸಂಗತಿಗೆ ಬರುತ್ತೇನೆ. ನಮ್ಮದು ಶ್ರೀರಾಂಪುರ. ಅಪ್ಪ ಗಿರಣಿಯಲ್ಲಿದ್ದವರು. ಮಲ್ಲೇಶ್ವರದಲ್ಲಿ ಟೈಪಿಂಗ್ ಕಲಿಯಲು ಹೋಗುತ್ತಿದ್ದ ಕಾಲದಲ್ಲಿ ನನಗೆ ದನಿಗಳು ಕೇಳತೊಡಗಿದವು. ಟೈಪ್‌ರೈಟರಿನ ಸದ್ದಿನೊಳಗೆ ಯಾರೋ ನನ್ನನ್ನು ಬೈಯುತ್ತಿದ್ದರು. ಆಮೇಲಾಮೇಲೆ ಸದ್ದೇ ಇಲ್ಲದಿದ್ದರೂ ಬೈಯತೊಡಗಿದರು. ನಾನು ಬಾಯಿ ತೆರೆದರೆ ಅವರಿಗೆ ಇನ್ನಷ್ಟು ಸಲಿಗೆ ಸಿಗುತ್ತದೆಂದು ಮಾತು ನಿಲ್ಲಿಸಿಬಿಟ್ಟೆ. ನನ್ನ ಹೆತ್ತಮ್ಮ ತಾಯತ ಕಟ್ಟಿಸಿದಳು, ಬುದ್ಧವಿಹಾರದಲ್ಲಿ ದೀಪ ಹಚ್ಚಿಸಿದಳು, ಕೊನೆಗೆ ಆಸ್ಪತ್ರೆಗೆ ಸೇರಿಸಿದಳು. ಅಕ್ಕಪಕ್ಕದವರಿಗೆ, ಊರಲ್ಲಿ ಚಿಕ್ಕಮ್ಮನ ಬಾಣಂತನಕ್ಕೆ ಹೋಗಿದ್ದಾಳೆ ಎಂದು ಹೇಳಿದಳಂತೆ. ಪಾಪ, ಆ ಚಿಕ್ಕಮ್ಮನಿಗೆ ಮದುವೆಯೇ ಆಗಿರಲಿಲ್ಲ.

ಪಾಪ ಎಂದೆನಲ್ಲ, ಆ ಪದ ಸಾರ್ ಮುಂದೆ ಬಳಸುವಂತಿರಲಿಲ್ಲ. ಯಾರಾದರೂ ನಮ್ಮನ್ನು ನೋಡಿ ಪಾಪ ಎಂದರೆ, "ಯಾಕೆ, ಏನ್ ಮಾಡಿದಾರೆ ಅವ್ರು ಪಾಪಾನ?" ಎಂದು ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದರು.

ಅವರು ನನ್ನನ್ನು ಕರೆದದ್ದು ಕಾರಿಡಾರಿನಲ್ಲಿ. "ಬನ್ನಿ, ಸ್ವಲ್ಪ ಹೊತ್ತು ಮೈಕ್ ಮುಂದೆ ಕೂತ್ಕೊಳಿ," ಎಂದರು. ನಾನಾಗ ಇಪ್ಪತ್ತು ದಾಟಿದ ಹುಡುಗಿ. ನನಗೆ 'ಬನ್ನಿ' ಎಂದ ಮೊದಲ ದೊಡ್ಡ ಮನುಷ್ಯ ಅವರು. ಹೋಗಿ ಕೂತೆ. ಅವರು ತಮ್ಮ ನಿಯಮದ ಮಾತುಗಳನ್ನೆಲ್ಲ ಹೇಳಿ, ಮೈಕನ್ನು ನನ್ನ ಕಡೆ ಸರಿಸಿ, ಸುಮ್ಮನಾದರು. ನಾನೂ ಸುಮ್ಮನೆ ಕೂತೆ. ರೇಡಿಯೋದವರಿಗೆ ನಿಶ್ಶಬ್ದ ಎಂದರೆ ಜೀವ ಹೋದಷ್ಟು ಭಯ. ಆಮೇಲೆ ಅವರೇ ಹೇಳಿದ್ದರು, ಕೆಲಸದಲ್ಲಿದ್ದಾಗ ಒಮ್ಮೆ ಯಾವುದೋ ಹಾಡಿನ ತಟ್ಟೆ ಸಿಗದೆ ಸ್ವಲ್ಪ ಹೊತ್ತು ಸುಮ್ಮನಿದ್ದದ್ದಕ್ಕೆ ವಿವರಣೆ ಕೊಡಬೇಕಾಗಿ ಬಂದಿತ್ತಂತೆ. ಅಂಥ ಮನುಷ್ಯ ಆ ದಿನ ಹಾಡೂ ಹಾಕಲಿಲ್ಲ, ಕೆಮ್ಮಲೂ ಇಲ್ಲ, ಮಾತಾಡಿ ಎಂದು ಕಣ್ಸನ್ನೆಯನ್ನೂ ಮಾಡಲಿಲ್ಲ. ಪಕ್ಕದಲ್ಲಿ ಸಾಂಬಾರಿಗೆ ಒಗ್ಗರಣೆ ಬಿದ್ದ ಸದ್ದು ಎಲ್ಲ ವಾರ್ಡುಗಳಿಗೂ ಹೋಗಿರಬೇಕು. ನನ್ನ ತಲೆಯೊಳಗಿನ ದನಿಗಳು ಕೂಗಾಡುತ್ತಿದ್ದವು, ಆದರೆ ಅವುಗಳಲ್ಲಿ ಒಂದೂ ಆ ಮೈಕಿನೊಳಗೆ ಹೋಗುತ್ತಿಲ್ಲವೆಂದು ನನಗೆ ಆಗ ಹೊಳೆಯಿತು. ಆಂಪ್ಲಿಫೈಯರಿನ ಮೇಲೆ ಸದ್ದಿನ ಮಟ್ಟ ತೋರಿಸುವ ಮೀಟರಿನ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ಒಗ್ಗರಣೆಗೆ ಅಲ್ಲಾಡಿತ್ತು, ಇವುಗಳಿಗೆ ಇಲ್ಲ.

ಕೊನೆಗೆ ಅವರು ಮೈಕಿಗೆ ಬಾಗಿ, ಬಹಳ ಗೌರವದಿಂದ, "ಈಗ ನಮ್ಮೊಂದಿಗೆ ಇದ್ದವರು ಶ್ರೀರಾಂಪುರದ ನಾಗರತ್ನ. ನಾಳೆಯೂ ಇದೇ ಸಮಯಕ್ಕೆ ಬರುತ್ತಾರೆ," ಎಂದರು. ನಾನೇನೋ ಕಛೇರಿ ಮಾಡಿ ಎದ್ದ ಹಾಗೆ. ವಾರ್ಡಿಗೆ ಮರಳಿದರೆ ಹಾಸಿಗೆಯ ಮೇಲಿದ್ದ ಒಬ್ಬಾಕೆ ತಲೆಯೆತ್ತಿ, "ಏನಮ್ಮಾ, ನೀನೇನಾ ನಾಗರತ್ನ?" ಎಂದಳು. ಹೌದು ಎಂದೆ. ತಿಂಗಳುಗಳ ನಂತರ ನನ್ನ ಬಾಯಿಂದ ಬಿದ್ದ ಮೊದಲ ಮಾತು ಅದೇ.

ಔಷಧಿ ಕೆಲಸ ಮಾಡಿತು, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ರೇಡಿಯೋದಿಂದ ಗುಣವಾದೆ ಎಂದು ಬರೆದರೆ ಸಾರ್ ಎದ್ದು ಬಂದು ಬೈದಾರು. ಆದರೆ ಗುಣವಾದ ಮೇಲೆ ಏನು ಮಾಡಬೇಕೆಂಬುದನ್ನು ಔಷಧಿ ಹೇಳುವುದಿಲ್ಲ. ಅದನ್ನು ಹೇಳಿದ್ದು ಅವರು. ಅಡುಗೆಮನೆಯ ವರದಿ ಬರೆಯುವ ಕೆಲಸ ನನಗೆ ಕೊಟ್ಟರು. "ಇಂದಿನ ಪಲ್ಯ ಹುರುಳಿಕಾಯಿಯದು. ನಿನ್ನೆಯ ಸಾರಿನ ಬಗ್ಗೆ ಬಂದ ದೂರುಗಳನ್ನು ಅಡುಗೆಯವರಿಗೆ ತಲುಪಿಸಲಾಗಿದ್ದು, ಅವರು ಅದನ್ನು ಸಾರೆಂದೇ ವಾದಿಸಿದ್ದಾರೆ," ಎಂದು ಬರೆದುಕೊಟ್ಟೆ. ಅವರು ಗಂಭೀರವಾಗಿ ಓದಿದರು. ಕಿಟಕಿಯಿಂದಾಚೆ ವಾರ್ಡುಗಳಿಂದ ನಗು ಕೇಳಿಸಿತು. ಗಂಡಸರ ವಾರ್ಡಿನಿಂದ ಯಾರೋ ಶಿಳ್ಳೆ ಹೊಡೆದರು. ನಾನು ಬರೆದದ್ದಕ್ಕೆ ಜನ ನಕ್ಕರು ಎನ್ನುವುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಚೆನ್ನಾಗಿತ್ತಾ ಸಾರ್ ಎಂದು ಕೇಳಿದರೆ, "ಕೇಳಿಸ್ತು," ಎಂದರು. ಅದಕ್ಕಿಂತ ಹೆಚ್ಚಿನ ಹೊಗಳಿಕೆ ಅವರ ಹತ್ತಿರ ಇರಲಿಲ್ಲ. ಅಮ್ಮ ಮಾಡಿದ ಹೋಳಿಗೆಗೂ ಒಮ್ಮೆ ಬಾಯಿ ತಪ್ಪಿ 'ಕೇಳಿಸ್ತು' ಎಂದಿದ್ದರಂತೆ.

ಬಿಡುಗಡೆಯಾದ ಮೇಲೆ ಅವರ ಹಳೆಯ ಗೆಳೆಯರ ಮೂಲಕ ಸಣ್ಣಪುಟ್ಟ ರೇಡಿಯೋ ರೂಪಕ ಬರೆಯುವ ಕೆಲಸ ಬಂತು, ಅಲ್ಲಿಂದ ಟಿವಿ. ನಾನು ಬರೆದದ್ದನ್ನು ಮೊದಲು ಚಾಮರಾಜಪೇಟೆಗೆ ಒಯ್ದು ಓದಿಸುತ್ತಿದ್ದೆ. ಅವರ ಮನೆಯಲ್ಲಿ ಟಿವಿ ಇತ್ತು, ಅಮ್ಮನಿಗಾಗಿ. ಅಮ್ಮ ನನ್ನ ಧಾರಾವಾಹಿಗಳನ್ನು ತಪ್ಪದೆ ನೋಡಿ, "ಆ ಅತ್ತೆ ಕೈಲಿ ಅಷ್ಟೊಂದು ಮಾತಾಡಿಸ್ತೀಯಲ್ಲ, ಅವಳಿಗೆ ಮನೇಲಿ ಬೇರೆ ಕೆಲ್ಸ ಇಲ್ವಾ?" ಎಂದು ಕಾಡುತ್ತಿದ್ದರು. ಸಾರ್ ಒಳಕೋಣೆಯಲ್ಲಿ ಕೂತು ಚಿತ್ರ ನೋಡದೆ ಬರೀ ಮಾತು ಕೇಳಿಸಿಕೊಳ್ಳುತ್ತಿದ್ದರು. ಜಾಹೀರಾತು ಬಂದರೆ ಹೊರಗೆ ಬಂದು ತಪ್ಪು ಹೇಳುತ್ತಿದ್ದರು. ಆಟೋದವರ ಜೊತೆ ಜಗಳವಾಡುವಾಗಲೂ ಅವರು ವಾರ್ತೆಯ ಕನ್ನಡಕ್ಕೆ ಏರಿಬಿಡುತ್ತಿದ್ದರು. "ತಾವು ಕೇಳುತ್ತಿರುವ ಮೊತ್ತ ನ್ಯಾಯಸಮ್ಮತವಲ್ಲ" ಎಂದು ಅವರು ಹೇಳುವುದನ್ನು ಕೇಳಿ ಕಲಾಸಿಪಾಳ್ಯದ ಒಬ್ಬ ಆಟೋದವ ಕಕ್ಕಾಬಿಕ್ಕಿಯಾಗಿ, "ಹತ್ತಿ ಯಜಮಾನ್ರೇ, ನಿಮ್ಮಿಷ್ಟ ಬಂದಷ್ಟು ಕೊಡಿ" ಎಂದಿದ್ದ.

ಹೀಗಿರುವಾಗ ಚಾನೆಲ್ಲಿನವರು ಹೊಸ ಕಥೆ ಬೇಕೆಂದರು. ಮಾನಸಿಕ ಆಸ್ಪತ್ರೆ, ಅಲ್ಲೊಂದು ರೇಡಿಯೋ ಎಂದು ಒಂದೆರಡು ಸಾಲು ಹೇಳಿದೆ. ಎಲ್ಲೋ ಓದಿದ್ದು ಎಂದು ಸೇರಿಸಿದೆ. ಅವರಿಗೆ ಹಿಡಿಸಿಬಿಟ್ಟಿತು. ಆದರೆ ನಮ್ಮ ಯೂನಿಟ್ಟುಗಳಲ್ಲಿ ಇಂಥ ವಿಷಯ ಹೇಗೆ ನಡೆಯುತ್ತದೆಂದು ನಾನು ನೋಡಿದ್ದೆ. ಹಿಂದೊಂದು ಧಾರಾವಾಹಿಯಲ್ಲಿ ಸಹಾಯಕ ನಿರ್ದೇಶಕನೊಬ್ಬ ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತಾನೆಂದು ಗೊತ್ತಾದ ಮೇಲೆ ಯಾರೂ ಅವನನ್ನು ಬೈಯಲಿಲ್ಲ, ಹೋಗು ಎನ್ನಲೂ ಇಲ್ಲ. ಮುಂದಿನ ಶೆಡ್ಯೂಲಿಗೆ ಕರೆಯಲಿಲ್ಲ, ಅಷ್ಟೆ. "ಟೆನ್ಷನ್ ತಡ್ಕೊಳಲ್ಲ ಮೇಡಂ ಅವ್ನು" ಎಂದರು. ನಾನು ಈಗಲೂ ಮಾತ್ರೆ ನುಂಗುವವಳು. ಸೆಟ್ಟಿನಲ್ಲಿ ಬಿಪಿಗೆ ಎನ್ನುತ್ತಿದ್ದೆ. ಆಸ್ಪತ್ರೆಯಲ್ಲಿದ್ದವಳೆಂದು ನನ್ನ ಹೆಸರು ಹೊರಗೆ ಬಂದರೆ ನನ್ನ ಅನ್ನಕ್ಕೇ ಕಲ್ಲು. ಅದನ್ನು ಸಾರ್‌ಗೆ ಹೇಳಿದೆ. "ನನ್ನಿಂದ ಹೊರಗೆ ಬರಲ್ಲ," ಎಂದು ಮಾತು ಕೊಟ್ಟರು.

ರೇಡಿಯೋದವರ ಚಿಕ್ಕ ಪಾತ್ರಕ್ಕೆ ಅವರೇ ಬೇಕೆಂದು ನಾನು ಹಟ ಹಿಡಿದೆ. ದೊಡ್ಡ ಪಾತ್ರ ಸುಂದರ ಡಾಕ್ಟರದ್ದು ಎಂದು ಬೇರೆ ಹೇಳಬೇಕಿಲ್ಲ. ಚಾನೆಲ್ಲಿನ ಹುಡುಗಿ ಚಾಮರಾಜಪೇಟೆಗೆ ಬಂದು, "ಸಾರ್, ನೀವು ಈ ಸೇವೆಗೆ ಯಾಕೆ ಬಂದ್ರಿ? ಮನೇಲಿ ಏನಾದ್ರೂ ಆಗಿತ್ತಾ? ಮಗಳು ಗಿಗಳು?" ಎಂದು ಕೇಳಿದಳು. "ನನಗೆ ಮಗಳೇ ಇಲ್ಲಮ್ಮ," ಎಂದರು. "ಮತ್ಯಾಕೆ?" ಎಂದಳು. "ಮಾತಾಡೋ ಚಟ. ಮನೇಲಿ ಇವಳು ಕೇಳಲ್ಲ," ಎಂದು ಅಮ್ಮನ ಕಡೆ ತೋರಿಸಿದರು. ಹುಡುಗಿಗೆ ನಿರಾಸೆಯಾಯಿತು. ಧಾರಾವಾಹಿಯಲ್ಲಿ ಮಗಳೊಬ್ಬಳನ್ನು ಹುಟ್ಟಿಸಿ ಸಾಯಿಸಿದರು. ಅದು ನನ್ನ ಕೈ ಮೀರಿದ್ದು.

ಬಸವನಗುಡಿಯ ಹಳೆಯ ಹಾಸ್ಟೆಲೊಂದು ಆಸ್ಪತ್ರೆಯಾಯಿತು. ಮೇಕಪ್ಪಿನ ಜಯಮ್ಮ ಮೊದಲ ದಿನವೇ, "ಈ ಮೆಂಟಲ್ ಸೀರಿಯಲ್‌ಗೆ ಪೌಡರ್ ಹಚ್ಬೇಕೋ ಮಸಿ ಬಳೀಬೇಕೋ ಹೇಳ್ಬಿಡಿ" ಎಂದು ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ. ನಗದಿದ್ದರೆ ಅನುಮಾನ ಬರುತ್ತದಲ್ಲ. ನಾಯಕಿಯ ಪಾತ್ರಕ್ಕೆ ಸಾನ್ವಿ ಎಂದು ಹೆಸರಿಟ್ಟಿದ್ದರು. ಸಾನ್ವಿ ಮೊದಲ ಸಲ ಮೈಕಿನ ಮುಂದೆ ಕೂತು ಏನೂ ಮಾತಾಡದಿರುವ ದೃಶ್ಯವನ್ನು ನಾನು ಬರೆದಿದ್ದೆ. ನಿರ್ದೇಶಕರು ತಲೆ ಕೆರೆದುಕೊಂಡರು. "ಮೇಡಂ, ರಿಮೋಟ್ ಅವ್ರ ಕೈಲಿರುತ್ತೆ. ಯಾರೂ ಮಾತಾಡ್ಲಿಲ್ಲ ಅಂದ್ರೆ ಪಕ್ಕದ ಚಾನೆಲ್‌ಗೆ ಹೋಗ್ಬಿಡ್ತಾರೆ," ಎಂದರು. ಆದರೂ ಒಳ್ಳೆಯವರು, ಮ್ಯೂಸಿಕ್ ಹಾಕಿಕೊಳ್ಳೋಣ ಎಂದು ಒಪ್ಪಿದರು.

ಕಷ್ಟಕ್ಕೆ ಸಿಕ್ಕಿಕೊಂಡದ್ದು ನಟಿ. ನಮ್ಮಲ್ಲಿ ಪಕ್ಕದಲ್ಲೊಬ್ಬರು ಸಾಲು ಸಾಲು ಓದಿಕೊಡುತ್ತಾರೆ, ನಟರು ಅದನ್ನು ಹಿಡಿದು ಹೇಳುತ್ತಾರೆ. ಇಲ್ಲಿ ಓದಿಕೊಡಲು ಏನೂ ಇಲ್ಲ. "ಪ್ರಾಂಪ್ಟಿಂಗ್ ಇಲ್ವಾ? ಸುಮ್ನೆ ಕೂತು ಏನ್ ಮಾಡ್ಲಿ ನಾನು?" ಎಂದು ಆ ಹುಡುಗಿ ಗಾಬರಿಯಾದಳು. ಸಾರ್ ತಮ್ಮ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸುತ್ತಾ, "ಏನೂ ಮಾಡ್ಬೇಡಿ ತಾಯಿ. ನಾನಿಲ್ಲೇ ಇರ್ತೀನಿ," ಎಂದರು.

ಟೇಕ್ ಶುರುವಾಯಿತು. ಫ್ಯಾನು ನಿಲ್ಲಿಸಿದ್ದರು. ಹುಡುಗಿ ಮೈಕನ್ನು ನೋಡುತ್ತಾ ಕೂತಳು. ಮೊದಲು ನಟಿಸುತ್ತಿದ್ದಳು, ಆಮೇಲೆ ನಟಿಸುವುದು ಮರೆತುಹೋಯಿತು. ಮೂಗಿನ ತುದಿ ಕೆಂಪಾಗಿ ಅವಳ ಕಣ್ಣಲ್ಲಿ ನೀರು ಬಂದಾಗ ನಿರ್ದೇಶಕರು ಕಟ್ ಎನ್ನಲಿಲ್ಲ. ಸಾರ್ ಅವಳ ಪಕ್ಕದಲ್ಲಿ ಕೂತಿದ್ದರು, ಆ ದಿನ ನನ್ನ ಪಕ್ಕದಲ್ಲಿ ಕೂತಿದ್ದ ಹಾಗೆಯೇ. ಅವರಿಗೆ ಎದುರಿಗಿದ್ದ ಕ್ಯಾಮರಾ ಕಾಣಿಸುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಬಹಳ ಹೊತ್ತಿನ ಮೇಲೆ ಮೈಕಿಗೆ ಬಾಗಿ, "ಈಗ ನಮ್ಮೊಂದಿಗೆ ಇದ್ದವರು ಶ್ರೀರಾಂಪುರದ ನಾಗರತ್ನ," ಎಂದರು.

ಸ್ಕ್ರಿಪ್ಟಿನಲ್ಲಿ ಸಾನ್ವಿ ಎಂದು ದಪ್ಪ ಅಕ್ಷರದಲ್ಲಿತ್ತು. ಆದರೆ ಅಂಥ ಮೌನದ ನಂತರ, ಮೈಕಿನ ಮುಂದೆ, ಇಲ್ಲದವರ ಹೆಸರು ಹೇಳಿ ಅವರಿಗೆ ಅಭ್ಯಾಸವೇ ಇರಲಿಲ್ಲ. ಯೂನಿಟ್ಟಿನವರೆಲ್ಲ ನನ್ನ ಕಡೆ ತಿರುಗಿದರು. ನಿರ್ದೇಶಕರು, "ಮೇಡಂ, ಸಾರ್ ನಿಮ್ಮ ಹೆಸರು ಹೇಳಿದ್ರಲ್ಲ?" ಎಂದರು. ಸಾರ್ ನನ್ನ ಮುಖ ನೋಡಿದರು. ಏನಾಯಿತೆಂದು ಅವರಿಗೆ ತಿಳಿಯಿತು. "ವಯಸ್ಸಾಯ್ತು ನೋಡಿ, ಬರೆದವರ ಹೆಸರೇ ಬಾಯಿಗೆ ಬಂತು. ಕ್ಷಮಿಸಿ," ಎಂದರು. ಎಲ್ಲರೂ ನಕ್ಕರು. ಹುಡುಗಿಯ ಕಣ್ಣೀರು ಇನ್ನೊಮ್ಮೆ ಬರುವುದಿಲ್ಲವೆಂದು ನಿರ್ದೇಶಕರು ಅದೇ ಟೇಕ್ ಇಟ್ಟುಕೊಂಡರು, ಹೆಸರನ್ನು ಡಬ್ಬಿಂಗಿನಲ್ಲಿ ಸರಿಮಾಡೋಣ ಎಂದರು. ವಾಪಸ್ ಬಂದ ಮೇಲೆ ಸಾರ್ ಆಟೋದಿಂದ ಇಳಿಯುವಾಗ, "ಮೈಕ್ ಆನ್ ಇದ್ದಾಗ ಸುಳ್ಳು ಹೇಳಿದ್ದು ಇದೇ ಮೊದ್ಲು ಕಣಮ್ಮ," ಎಂದರು. ಆ ಸುಳ್ಳು ನನಗಾಗಿ.

ಡಬ್ಬಿಂಗಿಗೆ ಅವರು ಬರಲಿಲ್ಲ. ಬೆಳಿಗ್ಗೆ ಫ್ಲಾಸ್ಕಿಗೆ ನೀರು ತುಂಬಿಕೊಂಡು ಕುರ್ಚಿಯ ಮೇಲೆ ಕೂತವರು ಹಾಗೇ ಹೋಗಿಬಿಟ್ಟರು. ಹೃದಯ ಎಂದರು ಡಾಕ್ಟರು.

ಕಾರ್ಯವೆಲ್ಲ ಮುಗಿದ ಮರುದಿನ ನಿರ್ದೇಶಕರ ಫೋನ್ ಬಂತು. ಬಹಳ ಸಂಕೋಚದಿಂದ ಮಾತಾಡಿದರು. "ಆ ಸೀನ್ ಮೊದಲನೇ ವಾರಾನೇ ಹೋಗ್ಬೇಕು ಮೇಡಂ. ಹೆಸರಿನದೊಂದೇ ಪ್ರಾಬ್ಲಂ. ಆದ್ರೆ ಈಗ ಎಐ ಇದೆಯಲ್ಲ, ಸಾರ್ ವಾಯ್ಸಲ್ಲೇ ಸಾನ್ವಿ ಅಂತ ಹೇಳಿಸ್ಬಿಡ್ತೀವಿ. ಯಾರಿಗೂ ಗೊತ್ತಾಗಲ್ಲ. ಅವ್ರ ಮನೆಯೋರ ಹತ್ರ ನೀವೊಂದು ಮಾತು ಕೇಳ್ತೀರಾ?"

ಸಾರ್ ಇಲ್ಲದೆ ಸಾರ್ ದನಿ. ಯಾರೂ ಕೂತಿರದ ಕೋಣೆಯಿಂದ, ಯಾರೂ ಆಡದ ಮಾತು. ನನ್ನ ತಲೆಯೊಳಗೆ ಅಂಥ ದನಿಗಳು ತುಂಬಿದ್ದ ಕಾಲ ನನಗೆ ಗೊತ್ತು. ಆ ಮನುಷ್ಯನ ಬಾಯಲ್ಲಿ ಅಂಥದ್ದನ್ನು ಇಡುವುದಕ್ಕೆ ನಾನು ಒಪ್ಪಿದರೆ, ನಾನು ತಿಂದ ಅನ್ನ ನನ್ನ ಮೈಗೆ ಹತ್ತುವುದಿಲ್ಲ.

"ಬೇಡ. ಸಾರ್ ಹೇಳಿದ್ದು ಹಾಗೇ ಇರ್ಲಿ," ಎಂದೆ.

"ಅದು ಹೇಗೆ ಮೇಡಂ, ಪಾತ್ರದ ಹೆಸರು ಸಾನ್ವಿ ಅಲ್ವಾ?"

"ಅವ್ರು ತಪ್ಪು ಹೇಳ್ಲಿಲ್ಲ. ಆಸ್ಪತ್ರೇಲಿ ಆ ಮೈಕ್ ಮುಂದೆ ಕೂತಿದ್ದೋಳು ನಾನೇ. ಶ್ರೀರಾಂಪುರದ ನಾಗರತ್ನ ಅಂದ್ರೆ ನಾನೇ. ಈಗ್ಲೂ ಮಾತ್ರೆ ತಗೋತೀನಿ. ಬೇರೆಯೋರನ್ನ ಬರೆಯೋಕೆ ಇಟ್ಕೋತೀನಿ ಅಂದ್ರೆ ಇಟ್ಕೊಳಿ, ಆದ್ರೆ ಆ ಹೆಸರು ತೆಗೀಬೇಡಿ."

ಆ ಕಡೆ ಸ್ಕ್ರಿಪ್ಟಿನ ಹಾಳೆ ಮಗುಚುವ ಸದ್ದು ಕೇಳಿಸಿತು. ನಿರ್ದೇಶಕರು, "ಹಾಗಾದ್ರೆ ಉಳಿದ ಕಡೆಯೆಲ್ಲ ಸಾನ್ವಿನ ನಾಗರತ್ನ ಮಾಡ್ಬೇಕಾಗುತ್ತೆ. ಉಳಿದೋರೆಲ್ಲ ಡಬ್ ಮಾಡ್ತಾರೆ ಬಿಡಿ," ಎಂದರು. ಆಮೇಲೆ, "ಮುಂದಿನ ವಾರದ ಸೀನ್ಸ್ ಯಾವಾಗ ಕೊಡ್ತೀರಾ ಮೇಡಂ?" ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನೆನಪಿಲ್ಲ. ಅತ್ತದ್ದು ನೆನಪಿದೆ.

ಆ ಕಂತು ಪ್ರಸಾರವಾಯಿತು. ಮ್ಯೂಸಿಕ್ ಸ್ವಲ್ಪ ಹಾಕಿದ್ದರು. ಆದರೆ ಹೆಸರು ಹೇಳುವ ಹೊತ್ತಿಗೆ ನಿಲ್ಲಿಸಿದ್ದರು. ಇಷ್ಟರೊಳಗೆ ಯೂನಿಟ್ಟಿನಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಮರುದಿನ ಸೆಟ್ಟಿಗೆ ಹೋದೆ. ಕೆಲವರು ಎಂದಿಗಿಂತ ಜಾಸ್ತಿ ನಯವಾಗಿ ಮಾತಾಡಿದರು, ಒಬ್ಬಿಬ್ಬರು ಮಾತಾಡಲೇ ಇಲ್ಲ. ಹಾಸ್ಟೆಲಿನ ಹಿಂಭಾಗದ ನಲ್ಲಿಯ ಹತ್ತಿರ ಕಾಫಿ ಲೋಟ ತೊಳೆಯುತ್ತಿದ್ದಾಗ ಜಯಮ್ಮ ಬಂದು ಪಕ್ಕದಲ್ಲಿ ನಿಂತಳು. ಆ ಕಡೆ ಈ ಕಡೆ ನೋಡಿದಳು.

"ಮೇಡಂ, ನಮ್ಮ ತಮ್ಮ ಒಬ್ಬ ಇದಾನೆ," ಎಂದಳು. "ಎರಡು ವರ್ಷ ಆಯ್ತು, ರೂಮಿಂದ ಆಚೆ ಬರಲ್ಲ. ಯಾರೋ ಕರೀತಾರೆ ಅಂತಾನೆ. ನಾವ್ಯಾರಿಗೂ ಹೇಳಿಲ್ಲ. ಆ ಆಸ್ಪತ್ರೇಲಿ ಸೇರಿಸ್ಕೋತಾರಾ? ಹೊಡೆಯೋದು ಗಿಡಿಯೋದು ಏನಿಲ್ವಲ್ಲ?"

"ಇಲ್ಲ ಜಯಮ್ಮ. ಸೋಮವಾರ ಬೆಳಗ್ಗೇನೇ ಬನ್ನಿ. ಸುಳ್ಳು ಹೇಳಿ ಕರ್ಕೊಂಡ್ಬರ್ಬೇಡಿ, ಎಲ್ಲಿಗೆ ಅಂತ ಹೇಳಿಯೇ ಹೊರಡಿಸಿ. ಗೇಟ್ ಹತ್ರ ನಾನಿರ್ತೀನಿ," ಎಂದೆ. ಆಮೇಲೆ ಕೇಳಿದೆ, "ನಿಮ್ಮ ತಮ್ಮನ ಹೆಸರೇನು?"

ಅವಳು ಮತ್ತೊಮ್ಮೆ ಸುತ್ತ ನೋಡಿದಳು. ಆಮೇಲೆ ಹೇಳಿದಳು.